ನುಸಿ ಬಂದ ವರ್ಷದ ನ್ಯಾಯಪೀಠ

ತೆಂಗಿನ ಕರಟ ಸುಡುವ ವಾಸನೆ ಬಂದರೆ ಸಾಮಾನ್ಯ ಮನುಷ್ಯರಿಗೆ ಬಚ್ಚಲ ಒಲೆ, ಎಣ್ಣೆಸ್ನಾನ, ಅಜ್ಜಿ ಮುಂತಾದ ಸಾತ್ವಿಕ ಸಂಗತಿಗಳು ನೆನಪಾಗುತ್ತವಂತೆ. ನನಗೆ ನೆನಪಾಗುವುದು ಸೊಲೊಮೋನ ಮೇಷ್ಟ್ರು. ಹೋದ ತಿಂಗಳು ಮೈಸೂರಿನ ನಮ್ಮ ಬೀದಿಯಲ್ಲಿ ಯಾರೋ ಮದುವೆ ಮನೆಯವರು ಹಂಡೆಯ ಕೆಳಗೆ ಕರಟ ತುಂಬಿ ಬೆಂಕಿ ಕೊಟ್ಟಿದ್ದರು. ಹೊಗೆ ಕಿಟಕಿಯಿಂದ ಒಳಗೆ ಬಂತು. ನಾನು ಕಾಫಿ ಲೋಟ ಕೆಳಗಿಟ್ಟು, ಎಂದೋ ತೀರಿಹೋದ ಒಬ್ಬ ಮನುಷ್ಯನ ಮೇಲೆ ಬಹಳ ಹೊತ್ತು ಕೋಪ ಮಾಡಿಕೊಂಡು ಕುಳಿತೆ. ಹೆಂಡತಿ ಬಂದು ಮುಖ ನೋಡಿ, "ಮತ್ತೆ ತಿಪಟೂರಾ?" ಎಂದಳು.

ಹೌದು, ಮತ್ತೆ ತಿಪಟೂರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸರ್ಕಾರದ ಒಂದು ಇಲಾಖೆಯಲ್ಲಿ ನಾನು ಗಿಡಮರಗಳ ಯೋಗಕ್ಷೇಮ ನೋಡುವ ಸಣ್ಣ ಅಧಿಕಾರಿ. ಆ ವರ್ಷ ಯುಗಾದಿ ಕಳೆಯುತ್ತಲೇ ನನ್ನನ್ನು ತಿಪಟೂರಿಗೆ ಎತ್ತಿ ಹಾಕಿದರು. ಕಾರಣ ನುಸಿ. ತೆಂಗಿಗೆ ನುಸಿ ಬಿದ್ದಿತ್ತು. ಕಣ್ಣಿಗೆ ಕಾಣದ ಪ್ರಾಣಿ. ಎಳೆಗಾಯಿಯ ತೊಟ್ಟಿನ ಟೋಪಿಯೊಳಗೆ ನುಗ್ಗಿ ರಸ ಹೀರುತ್ತದೆ. ಮೊದಲು ಟೋಪಿಯ ಅಂಚಿನಲ್ಲಿ ಬಿಳಿಯ ಮಚ್ಚೆ, ಆಮೇಲೆ ಅದು ಕಂದುಬಣ್ಣಕ್ಕೆ ತಿರುಗಿ, ಬಿರಿದು, ಕಾಯಿ ಬೆಳೆಯುವ ಹೊತ್ತಿಗೆ ಮೈಯೆಲ್ಲ ಕಜ್ಜಿ ಹತ್ತಿದ ಮಗುವಿನ ಹಾಗೆ ಆಗುತ್ತದೆ. ಬುರುಡೆಯಷ್ಟು ಆಗಬೇಕಾದ ಕಾಯಿ ಮುಷ್ಟಿಯಷ್ಟಾಗುತ್ತದೆ. ತೆಂಗನ್ನೇ ಉಂಡು, ತೆಂಗನ್ನೇ ಉಟ್ಟು, ಸತ್ತಾಗ ತೆಂಗಿನ ಗರಿಯ ಚಟ್ಟದ ಮೇಲೆಯೇ ಹೋಗುವ ಸೀಮೆ ಅದು. ಅಲ್ಲಿಗೆ ಈ ರೋಗದ ವೈದ್ಯನಾಗಿ ಹೋದವನ ಗತಿಯನ್ನು ಓದುಗರು ಊಹಿಸಿಕೊಳ್ಳಬಹುದು.

ನಮ್ಮಲ್ಲಿದ್ದ ಚಿಕಿತ್ಸೆಯೂ ಗಂಭೀರವಾಗಿಯೇ ಇತ್ತು. ಮರದ ಬುಡ ಅಗೆದು, ಪೆನ್ಸಿಲ್ ದಪ್ಪದ ಜೀವಂತ ಬೇರೊಂದನ್ನು ಹುಡುಕಿ, ತುದಿಯನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲದೊಳಕ್ಕೆ ತೂರಿಸಿ, ದಾರ ಬಿಗಿದು, ಮಣ್ಣು ಮುಚ್ಚಿ ಬರುವುದು. ಮರ ಕುಡಿದರೆ ಕುಡಿಯಿತು, ಇಲ್ಲದಿದ್ದರೆ ಇಲ್ಲ. ನಾನು ಮಂಡಿಯೂರಿ ಬೇರು ತಡಕುತ್ತಿದ್ದರೆ ತೋಟದ ಯಜಮಾನರು ಬೀಡಿ ಹಚ್ಚಿಕೊಂಡು ಮೇಲೆ ನಿಂತಿರುತ್ತಿದ್ದರು.

"ಏನ್ ಸಾರ್, ಗ್ಲೂಕೋಸ್ ಏರಿಸ್ತಿದೀರಾ? ಬದುಕ್ತದಾ ಪೇಷಂಟು?"

"ನೋಡಬೇಕು."

"ನೋಡಿ ನೋಡಿ. ಹೋದ್ಸಲ ಬಂದ ಸಾಹೇಬ್ರೂ ನೋಡ್ತೀನಿ ಅಂತಲೇ ಹೋದ್ರು."

ಊರು ನನಗೆ ಹೆಸರನ್ನೂ ಇಟ್ಟಿತು: ನುಸಿ ಸಾರ್. ಅಪ್ಪ ಅಮ್ಮ ಹುಡುಕಿ ಇಟ್ಟ ಹೆಸರು ಆ ವರ್ಷವೆಲ್ಲ ಬಳಕೆಯಲ್ಲಿರಲಿಲ್ಲ.

ನುಸಿ ಯಾಕೆ ಬಂತು ಎಂಬುದಕ್ಕೆ ಊರಲ್ಲಿ ತಲೆಗೊಂದು ಸಿದ್ಧಾಂತವಿತ್ತು. ಕೊಳವೆ ಬಾವಿ ಕೊರೆದದ್ದಕ್ಕೆ ಬಂತು, ಡಿಶ್ ಆಂಟೆನಾದಿಂದ ಬಂತು, ಕೇರಳದ ಲಾರಿಯಲ್ಲಿ ಬಂತು. ಸೊಲೊಮೋನ ಮೇಷ್ಟ್ರು ಮಾತ್ರ ಅದು ಪಾಪದಿಂದ ಬಂತು ಎಂದು ಹೇಳುತ್ತಿದ್ದರು. ಯಾರ ಪಾಪ ಎಂದು ಕೇಳುವ ಅಗತ್ಯ ಇರಲಿಲ್ಲ. ತಮ್ಮದಲ್ಲದ್ದು.

ನಾನು ಹುಟ್ಟಿನಿಂದ ಕ್ರೈಸ್ತ. ಯಾವ ಊರಿಗೆ ವರ್ಗವಾದರೂ ಮೊದಲು ಬಾಡಿಗೆ ಮನೆ, ಆಮೇಲೆ ಒಳ್ಳೆಯ ಹೋಟೆಲು, ಆಮೇಲೆ ಚರ್ಚು ಹುಡುಕುವುದು ನನ್ನ ಕ್ರಮ. ತಿಪಟೂರಿನ ನಮ್ಮ ಚರ್ಚು ಚಿಕ್ಕದು. ನರ್ಸುಗಳು, ಮೇಷ್ಟ್ರುಗಳು, ಒಂದೆರಡು ರೈಲ್ವೆ ಮನೆಗಳು, ಒಂದಿಷ್ಟು ತೋಟವಿದ್ದವರು. ಎಲ್ಲ ಸೇರಿದರೆ ಒಂದು ಬಸ್ಸು ತುಂಬುವಷ್ಟು ಜನ, ಅದೂ ಕ್ರಿಸ್ಮಸ್ಸಿಗೆ. ಅಯ್ಯನವರು ಬೇರೆ ಊರಿನಿಂದ ಬಂದು ಆರಾಧನೆ ನಡೆಸಿ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತಿದ್ದ ಎಳೆಯ ಪಾದ್ರಿ. ಯಾರು ಏನು ಹೇಳಿದರೂ ಒಪ್ಪುವಂತೆ ತಲೆ ಆಡಿಸುವುದು ಅವರ ಪದ್ಧತಿ; ಇಬ್ಬರು ಜಗಳವಾಡುತ್ತಿದ್ದರೆ ಇಬ್ಬರಿಗೂ ಆಡಿಸುತ್ತಿದ್ದರು. ಹೀಗಾಗಿ ಚರ್ಚಿನ ಯಜಮಾನಿಕೆ ಹಿರಿಯರ ಕಮಿಟಿಯದು, ಹಿರಿಯರ ಕಮಿಟಿಯೆಂದರೆ ಸೊಲೊಮೋನ ಮೇಷ್ಟ್ರು. ಉಳಿದ ಮೂವರು ಹಿರಿಯರು ಕೋರಂ ತುಂಬುವುದಕ್ಕೆ.

ಅವರಿಗೆ ಆ ಹೆಸರಿಟ್ಟ ತಂದೆತಾಯಿಗಳೇ ಈ ಅನಾಹುತಕ್ಕೆ ಮೂಲ ಎಂದು ನನ್ನ ನಂಬಿಕೆ. ಬೈಬಲಿನ ಸೊಲೊಮೋನ ನ್ಯಾಯತೀರ್ಪಿಗೆ ಹೆಸರಾದ ರಾಜ; ಹುಟ್ಟಿದಾಗಲೇ ನ್ಯಾಯಾಧೀಶನ ಪಟ್ಟ ಕಟ್ಟಿದರೆ ಮಗು ಏನು ಮಾಡೀತು? ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಷರಟು, ಮಳೆಗೂ ಬಿಸಿಲಿಗೂ ಒಂದೇ ಕೊಡೆ. ಸ್ಕೂಲಿನಿಂದ ನಿವೃತ್ತರಾದ ಮೇಲೆ ಬೆತ್ತಕ್ಕೆ ಕೆಲಸವಿಲ್ಲದೆ ಕೆಮ್ಮನ್ನು ಅಭ್ಯಾಸ ಮಾಡಿದ್ದರು. ಅಯ್ಯನವರು ತಮ್ಮ ಉಪದೇಶದಲ್ಲಿ ಕುಡಿತ ಎಂದರೆ ಮೇಷ್ಟ್ರು ರೈಲ್ವೆಯವರ ಬೆಂಚಿನ ಕಡೆ ತಿರುಗಿ ಒಂದು ಸಲ ಕೆಮ್ಮುತ್ತಿದ್ದರು. ಆಡಂಬರ ಎಂದರೆ, ಮಲ್ಲಿಗೆ ಮುಡಿದು ಬಂದ ನರ್ಸಿನ ಕಡೆಗೆ. ಪಾಪಿಗೂ ಗೊತ್ತು, ಸಭೆಗೂ ಗೊತ್ತು. ಒಬ್ಬ ಹುಡುಗಿ ಆ ಕೆಮ್ಮಿಗೆ ಹೆದರಿ ಸಿನಿಮಾ ನೋಡುವುದನ್ನು ಬಿಟ್ಟಳು. ಇನ್ನೊಬ್ಬಳು ಚರ್ಚನ್ನು ಬಿಟ್ಟಳು. ಮೇಷ್ಟ್ರ ಲೆಕ್ಕದಲ್ಲಿ ಎರಡೂ ಜಯವೇ.

ಇಂಥ ಸಭೆಯಲ್ಲಿ ರಾಹೇಲಮ್ಮ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ವಿಧವೆ. ಹೊನ್ನವಳ್ಳಿ ದಾಟಿ ಒಂದು ಹಟ್ಟಿಯಲ್ಲಿ ಗಂಡ ಬಿಟ್ಟುಹೋದ ಸಣ್ಣ ತೋಟ. ಆ ಹಟ್ಟಿಗೆಲ್ಲ ಅವಳದೊಂದೇ ಕ್ರೈಸ್ತ ಮನೆ. ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಆರಾಧನೆ ಮುಗಿಸಿ, ಸಂತೆಯವರ ಟೆಂಪೋದಲ್ಲಿ ಹಿಂದಿರುಗುತ್ತಿದ್ದಳು. ಮಗಳು ಸುಗುಣ ನರ್ಸಿಂಗ್ ಮುಗಿಸಿದ್ದಳು. ಅರಸೀಕೆರೆಯ ರೈಲ್ವೆ ಮನೆತನದ ಹುಡುಗನೊಬ್ಬನ ಜೊತೆ ಆ ಮಳೆಗಾಲದ ಹೊತ್ತಿಗೆ ಮದುವೆ ಎಂದು ನಿಶ್ಚಯವಾಗಿತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಚರ್ಚಿನಲ್ಲಿ ಓದಿ, ಯಾರದಾದರೂ ಅಡ್ಡಿ ಉಂಟೋ ಎಂದು ಕೇಳುವುದು ಕಟ್ಟಳೆ. ಜನ ಅದಕ್ಕೆ ಕೂಗು ಎನ್ನುತ್ತಾರೆ. ಕೂಗು ಆಗದೆ ಮದುವೆ ಇಲ್ಲ. ಹುಡುಗನ ಅಪ್ಪ ಕಟ್ಟುನಿಟ್ಟಿನ ಮನುಷ್ಯ. ಚರ್ಚಿನಲ್ಲಿ ಆಗದ ಮದುವೆಯನ್ನು ಮದುವೆಯೆಂದು ಒಪ್ಪುವವನಲ್ಲ.

ಈ ಮಧ್ಯೆ ಹಟ್ಟಿಯವರು ನನ್ನ ಚಿಕಿತ್ಸೆಯ ಮೇಲೆ ವಿಶ್ವಾಸ ಕಳೆದುಕೊಂಡು ಊರಮ್ಮನ ಮೊರೆಹೋದರು. ನಾನು ಅಲ್ಲೇ ಇದ್ದೆ. ಗುಡಿಯ ಮುಂದೆ ಜನ ಸೇರಿದ್ದರು. ಊರಿನ ಗೌಡ ನಂಜೇಗೌಡರು ನನ್ನನ್ನು ಕಂಡು, "ಬನ್ನಿ ನುಸಿ ಸಾರ್, ನೀವೂ ಕೂತ್ಕಳಿ. ನಿಮ್ ಕೈಲಿ ಆಗ್ದಿದ್ದು ಯಾರ್ ಕೈಲಿ ಆಯ್ತದೆ ನೋಡಿ" ಎಂದು ಕಟ್ಟೆಯ ಮೇಲೆ ಜಾಗ ಕೊಟ್ಟರು. ನಿರ್ಣಯ ಸರಳವಾಗಿತ್ತು. ಪ್ರತಿಯೊಂದು ತೋಟದಿಂದ ಅಮ್ಮನಿಗೆ ಒಂದು ಕಾಯಿ. ಒಂದು ತೋಟ ತಪ್ಪಿದರೂ ನುಸಿ ಆ ತೋಟದಲ್ಲಿ ಗೂಡು ಕಟ್ಟಿ ಊರನ್ನೆಲ್ಲ ತಿನ್ನುತ್ತದೆ.

ಆಗ ಯಾವನೋ ಹಿಂದಿನಿಂದ, "ರಾಹೇಲಮ್ಮನ ತೋಟ?" ಎಂದ.

ಹಟ್ಟಿಯ ಕಣ್ಣೆಲ್ಲ ಅವಳ ಮೇಲೆ. ಅವಳು ಗುಂಪಿನ ಅಂಚಿನಲ್ಲಿ ಸೆರಗು ಹೊದ್ದು ನಿಂತಿದ್ದಳು. ಕೊಡದಿದ್ದರೆ ಮುಂದಿನ ವರ್ಷ ಊರಿನ ಒಂದೊಂದು ಕೊಳೆತ ಕಾಯಿಗೂ ಅವಳೇ ಕಾರಣಳಾಗುತ್ತಾಳೆ ಎಂಬುದು ನನಗೆ ಅರ್ಥವಾಗುವ ಮುಂಚೆ ಅವಳಿಗೆ ಅರ್ಥವಾಗಿತ್ತು. ಮನೆಗೆ ಹೋಗಿ ಒಂದು ಕಾಯಿ ತಂದಳು. ಒಳ್ಳೆಯ ಕಾಯಿ, ಮಚ್ಚೆಯಿಲ್ಲದ್ದು.

"ತಗಳಿ ಗೌಡ್ರೇ. ನುಸಿ ನನ್ನ ಮರ ನಿಮ್ಮ ಮರ ಅಂತ ಕೇಳ್ಕಂಡ್ ಬತ್ತದಾ? ಊರಿಗೆ ಅಂತ ಕೊಡ್ತಿದೀನಿ."

ಪೂಜೆಯಾಯಿತು, ಕಾಯಿ ಒಡೆದರು, ಪದ್ಧತಿಯಂತೆ ಒಂದು ಹೋಳು ಅಮ್ಮನಿಗೆ ಉಳಿದು ಒಂದು ಹೋಳು ಕೊಟ್ಟವರ ಕೈಗೆ ಹಿಂದಿರುಗಿತು. ಆ ಮಧ್ಯಾಹ್ನ ರಾಹೇಲಮ್ಮ, "ಸಾರ್, ನಮ್ಮೋರು ನೀವು, ಹಸ್ಕಂಡ್ ಹೋಗ್ಬ್ಯಾಡಿ" ಎಂದು ಕರೆದು ರಾಗಿರೊಟ್ಟಿ, ಕಾಯಿಚಟ್ನಿ ಬಡಿಸಿದಳು. ಚಟ್ನಿ ಯಾವ ಕಾಯಿಯದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಸಲ ಹಾಕಿಸಿಕೊಂಡೆ.

ಸುದ್ದಿಗೆ ಬಸ್ಸು ಬೇಕಾಗಿಲ್ಲ. ಮೇಷ್ಟ್ರ ತೋಟ ಅದೇ ದಿಕ್ಕಿನಲ್ಲಿ. ಅವರ ಅಟ್ಟದ ಕಾಯಿ ಸುಲಿದು ಕೊಬ್ಬರಿ ಬಿಡಿಸಲು ಪ್ರತಿವರ್ಷ ಬರುತ್ತಿದ್ದ ಗುಂಪು ಅದೇ ಹಟ್ಟಿಯದು. ಮುಂದಿನ ಭಾನುವಾರ ಆರಾಧನೆ ಮುಗಿಯುತ್ತಲೇ ಚರ್ಚಿನ ಪಕ್ಕದ ಕೋಣೆಯಲ್ಲಿ ಕಮಿಟಿ ಕೂಡಿತು. ಆ ಕೋಣೆಯ ಹಿಂದಿನ ಹಿತ್ತಿಲಲ್ಲಿ ಇದ್ದಿಲಿಗಾಗಿ ಕರಟ ಸುಡುತ್ತಿದ್ದರು, ಕಿಟಕಿಗೆ ಬಾಗಿಲಿರಲಿಲ್ಲ. ನಾಲ್ವರು ಹಿರಿಯರು, ಅಯ್ಯನವರು, ರಾಹೇಲಮ್ಮ, ಮತ್ತು ಸಾಕ್ಷಿಯೆಂದು ನಾನು, ಎಲ್ಲರೂ ಕಣ್ಣೀರು ಸುರಿಸುತ್ತ ಕುಳಿತೆವು. ಹೊರಗಿನಿಂದ ನೋಡಿದವರಿಗೆ ಬಹಳ ಪಶ್ಚಾತ್ತಾಪದ ಸಭೆಯಂತೆ ಕಂಡಿರಬೇಕು.

ಮೇಷ್ಟ್ರು ನಿಂತರು. ಧರ್ಮದ ವಿಷಯ ಬಂದಾಗ ಅವರ ಕನ್ನಡ ನೂರು ವರ್ಷ ಹಿಂದಕ್ಕೆ ಹೋಗುತ್ತಿತ್ತು.

"ಆಫೀಸರೇ, ಸತ್ಯವನ್ನೇ ನುಡಿಯಿರಿ. ಈಕೆಯು ಕಾಯಿ ಕೊಟ್ಟದ್ದನ್ನು ಕಂಡಿರಾ?"

"ಕಂಡೆ."

"ಅದು ವಿಗ್ರಹದ ಮುಂದೆ ಒಡೆಯಲ್ಪಟ್ಟಿತೋ?"

"ಒಡೆಯಲ್ಪಟ್ಟಿತು." ಅವರ ವ್ಯಾಕರಣ ಅಂಟುರೋಗ.

"ಒಂದು ಹೋಳು ಈಕೆಗೆ ಹಿಂದಿರುಗಿತೋ?"

"ಹಿಂದಿರುಗಿತು."

"ಆ ಹೋಳು ಈಗ ಎಲ್ಲಿರುವುದು?"

"ಚಟ್ನಿಯಾಗಿ ನನ್ನ ಹೊಟ್ಟೆಗೆ ಬಂತು. ಅಲ್ಲಿಂದ ಮುಂದಿನ ವಿಳಾಸ ಗೊತ್ತಿಲ್ಲ."

ಸಾಕ್ಷ್ಯವನ್ನು ಸಾಕ್ಷಿಯೇ ತಿಂದುಬಿಟ್ಟ ಪ್ರಕರಣ ನ್ಯಾಯಶಾಸ್ತ್ರದಲ್ಲಿ ಅಪರೂಪವಿರಬೇಕು. ಒಬ್ಬ ಹಿರಿಯ ನಕ್ಕು, ಅದನ್ನು ಹೊಗೆಯ ಕೆಮ್ಮೆಂದು ತೋರಿಸಲು ಒದ್ದಾಡಿದ. ಮೇಷ್ಟ್ರ ಮುಖ ಕೆಂಪಾಯಿತು. ವಿಗ್ರಹಕ್ಕೆ ಅರ್ಪಿಸಿದ ಪದಾರ್ಥ ತಿನ್ನಬಾರದೆಂದು ಬೈಬಲಿನಲ್ಲಿ ಅಪೊಸ್ತಲ ಪೌಲನು ಹೇಳಿದ್ದು ಗೊತ್ತೇ ಎಂದು ಕೇಳಿದರು. ಗೊತ್ತು, ವಿಗ್ರಹವೆಂಬುದು ಏನೂ ಅಲ್ಲ ಎಂದೂ ಅವನೇ ಹೇಳಿದ್ದಾನೆ ಎಂದೆ. ಪೌಲನನ್ನು ಎರಡೂ ಕಡೆಯ ವಕೀಲನನ್ನಾಗಿ ಮಾಡಿ ಒಂದಿಷ್ಟು ಹೊತ್ತು ಎಳೆದಾಡಿದೆವು. ಅಯ್ಯನವರು ಇಬ್ಬರಿಗೂ ತಲೆ ಆಡಿಸಿದರು.

ಕೊನೆಗೆ ನನಗೆ ಸಿಟ್ಟು ಬಂತು. "ಮೇಷ್ಟ್ರೇ, ನಿಮ್ಮ ಅಟ್ಟದ ಉಂಡೆ ಕೊಬ್ಬರಿ ಪ್ರತಿವರ್ಷ ಎಲ್ಲಿಗೆ ಹೋಗುತ್ತದೆ?"

"ಉತ್ತರ ದೇಶಕ್ಕೆ."

"ಅಲ್ಲಿ ಅದನ್ನು ಏನು ಮಾಡುತ್ತಾರೆ?"

ತಿಪಟೂರಿನಲ್ಲಿ ಮಗುವಿಗೂ ಗೊತ್ತಿರುವ ವಿಷಯ. ನಮ್ಮ ಉಂಡೆ ಕೊಬ್ಬರಿಯ ಬಹುಪಾಲು ಅಲ್ಲಿನ ಪೂಜೆಗೆ, ಮದುವೆಯ ಮಡಿಲಿಗೆ, ದೇವರ ಪಾದಕ್ಕೆ.

ಮೇಷ್ಟ್ರು ತಡವರಿಸಲಿಲ್ಲ. "ಅದು ಕೊಂಡವನ ಆತ್ಮದ ವಿಚಾರ. ನಾನು ಮಾರಿದ್ದೇನೆ, ಈಕೆ ಕೊಟ್ಟಿದ್ದಾಳೆ. ಮಾರಿದ್ದು ಬೇರೆ, ಕೊಟ್ಟಿದ್ದು ಬೇರೆ."

ಲಾಭವಿದ್ದರೆ ವ್ಯಾಪಾರ, ಲಾಭವಿಲ್ಲದಿದ್ದರೆ ವಿಗ್ರಹಾರಾಧನೆ. ಇಷ್ಟು ಸ್ವಚ್ಛವಾದ ದೇವಶಾಸ್ತ್ರವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಬೇರೆಯವರಿಗೆ ತೀರ್ಪು ಹೇಳಬೇಡಿ ಎಂಬ ಕರ್ತನ ಮಾತನ್ನು ಹೇಳಿಬಿಡೋಣವೆಂದು ಬಾಯಿ ತೆರೆದೆ, ಮುಚ್ಚಿದೆ. ಆ ಮಾತಿನ ಗತಿ ನನಗೆ ಗೊತ್ತು. ಸಿಕ್ಕಿಬಿದ್ದವನೆಲ್ಲ ಅದನ್ನು ಹೇಳುತ್ತಾನೆ. ಇನ್ನೂ ಸಿಕ್ಕಿಬೀಳದವನು, ಪಾಪವನ್ನು ಖಂಡಿಸದೆ ಬಿಡಬೇಕೇನಯ್ಯ ಎನ್ನುತ್ತಾನೆ. ಅದೂ ಸುಳ್ಳಲ್ಲ. ನಾಳೆ ಚರ್ಚಿನ ಹುಂಡಿ ಕದ್ದವನನ್ನು ಹಿಡಿದಾಗ ನಾನೂ ಹಾಗೆಯೇ ಅನ್ನುತ್ತೇನೆ. ಆದರೆ ಖಂಡಿಸುವವನಿಗೆ ಒಂದಿಷ್ಟಾದರೂ ಸಂಕಟ ಇರಬೇಕಲ್ಲ. ಮೇಷ್ಟ್ರ ಕಣ್ಣಲ್ಲಿದ್ದ ನೀರು ಕರಟದ್ದು.

ತೀರ್ಪು ಹೊರಬಿತ್ತು. ಮುಂದಿನ ಭಾನುವಾರ ರಾಹೇಲಮ್ಮ ಸಭೆಯ ಮುಂದೆ ನಿಂತು, ಕಾಯಿ ಕೊಟ್ಟಿದ್ದು ಪಾಪವೆಂದು ಒಪ್ಪಿಕೊಳ್ಳಬೇಕು. ಒಪ್ಪಿದರೆ ಅಂದೇ ಸುಗುಣಳ ಮೊದಲ ಕೂಗು. ಒಪ್ಪದಿದ್ದರೆ ಕೂಗಿಲ್ಲ.

"ಒಂದೇ ಮಾತು ರಾಹೇಲಮ್ಮ, ತಪ್ಪಾಯಿತು ಅನ್ನು," ಎಂದರು ಮೇಷ್ಟ್ರು, ಮೇಷ್ಟ್ರಿಗೆ ಸಾಧ್ಯವಾದಷ್ಟು ಮೃದುವಾಗಿ.

ಅವಳು ಎದ್ದು ಹೋದಳು. ಗೇಟಿನ ಹತ್ತಿರ ಸುಗುಣ ಕಾಯುತ್ತಿದ್ದಳು. ನಾನು ಹಿಂದೆಯೇ ಇದ್ದೆ, ಅವರಿಬ್ಬರ ಮಾತು ಕೇಳಿಸಿತು.

"ಹೇಳ್ಬುಡಮ್ಮ, ಅತ್ಲಾಗೆ. ಒಂದು ಮಾತಿಗೆ ಬಾಯಿ ಸವೆದು ಹೋಯ್ತದಾ?"

"ಬಾಯಿ ಸವೆಯಲ್ಲ ಕಣೇ. ಹಟ್ಟಿಯೋರ ಮುಂದೆ ಮುಖ ಎತ್ಕಂಡ್ ಓಡಾಡಬ್ಯಾಡ್ವಾ? ನಿಮ್ಮ ಊರಮ್ಮ ಪಾಪ, ನಿಮ್ಮ ಕಾಯಿ ಪಾಪ ಅಂತ ಇಲ್ಲಿ ಹೇಳ್ಬುಟ್ಟು, ಅಲ್ಲಿ ಹೋಗಿ ಅವರ ಬಾವಿ ನೀರು ಸೇದಲಾ?"

"ನಂಗೆ ಮದ್ವೆ ಮುಖ್ಯ."

"ನಂಗೂ ನಿನ್ನ ಮದ್ವೆನೇ ಮುಖ್ಯ. ನಿಮ್ಮಪ್ಪ ಹೋದಾಗ ಗುಂಡಿ ತೋಡಿದೋರು ಯಾರು, ಜ್ಞಾಪಕ ಐತಾ? ಮೇಷ್ಟ್ರು ಬಂದು ಪ್ರಾರ್ಥನೆ ಉದ್ದ ಮಾಡಿದ್ರು. ಗುದ್ದಲಿ ಹಿಡಿದಿದ್ದು ನಂಜೇಗೌಡ."

ಸುಗುಣ ಅಳಲಿಲ್ಲ. ಅಮ್ಮನ ಜೊತೆ ಟೆಂಪೋ ಹತ್ತದೆ ನಡೆದುಕೊಂಡೇ ಹೋದಳು. ಆ ವಾರ ಇಬ್ಬರೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದರೆಂದು ಹಟ್ಟಿಯಲ್ಲಿ ಕೇಳಿದೆ.

ಮುಂದಿನ ಭಾನುವಾರ ಚರ್ಚು ಕ್ರಿಸ್ಮಸ್ಸಿನಂತೆ ತುಂಬಿತ್ತು. ಇನ್ನೊಬ್ಬರ ಪಾಪ ಕೇಳಲು ಬರುವ ಜನ ತಮ್ಮ ಪಾಪಕ್ಕೆ ಬರುವುದಿಲ್ಲ. ಅರಸೀಕೆರೆಯಿಂದ ಹುಡುಗನ ಅಪ್ಪ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಮೇಷ್ಟ್ರು ಒಂದು ಸಲ ಕೆಮ್ಮಿದರು. ಅಯ್ಯನವರು, "ರಾಹೇಲಮ್ಮನವರಿಗೆ ಏನೋ ಹೇಳುವುದಿದೆ" ಎಂದು ಕೂತುಬಿಟ್ಟರು.

ರಾಹೇಲಮ್ಮ ಇದ್ದಲ್ಲೇ ನಿಂತಳು.

"ನಾನು ಕಾಯಿ ಕೊಟ್ಟಿದ್ದು ನಿಜ. ಆ ದೇವರನ್ನ ಬೇಡಿಕಂಡು ಕೊಡ್ಲಿಲ್ಲ, ಊರಿನ ಜೊತೆ ಇರ್ಬೇಕು ಅಂತ ಕೊಟ್ಟೆ. ನಾನು ಬೇಡಿಕಳದು ಯಾರ್ನ ಅಂತ ಇಲ್ಲಿ ಕೂತಿರೋರಿಗೆ ಗೊತ್ತಿಲ್ದೆ ಇದ್ರೆ, ಅವನಿಗೆ ಗೊತ್ತು. ಅದು ಪಾಪ ಅಂತ ನನ್ನ ಬಾಯಲ್ಲಿ ಬರಲ್ಲ. ಬಂದ್ರೆ ಸುಳ್ಳಾಯ್ತದೆ. ಚರ್ಚಲ್ಲಿ ನಿಂತ್ಕಂಡು ಸುಳ್ಳು ಹೇಳಿಸ್ಬ್ಯಾಡಿ."

ಕುಳಿತಳು. ಪಕ್ಕದಲ್ಲಿ ಸುಗುಣ ಕಲ್ಲಿನಂತೆ ಕುಳಿತಿದ್ದಳು. ಅಯ್ಯನವರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದರು. ಕೂಗು ಆಗಲಿಲ್ಲ. ಹುಡುಗನ ಅಪ್ಪ ಯಾರೊಡನೆಯೂ ಮಾತಾಡದೆ ಹೊರಟ. ಹೊರಡುವ ಮುಂಚೆ ನನ್ನನ್ನು, "ಆಯಮ್ಮ ಯಾವಾಗಲೂ ಹಿಂಗೇನಾ?" ಎಂದು ಕೇಳಿದ. ಹೌದು ಎಂದೆ. "ಹೂಂ" ಎಂದ. ಆ ಹೂಂಗೆ ಏನು ಅರ್ಥವೆಂದು ನನಗೆ ತಿಳಿಯಲಿಲ್ಲ, ಹಾಗಾಗಿ ರಾಹೇಲಮ್ಮನಿಗೆ ತಿಳಿಸಲೂ ಆಗಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮೇಷ್ಟ್ರ ಅಟ್ಟದ ಮೇಲೆ ಕಾಯಿಗಳಿದ್ದವು.

ತೆಂಗಿನ ಸೀಮೆಯಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತಿರಹತ್ತಿರ ವರ್ಷ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ತಾನೇ ಬಿಟ್ಟು ಗಡಗಡ ಎನ್ನುವವರೆಗೆ ಕಾಯಬೇಕು. ಆಮೇಲೆ ಮಳೆ ಹಿಡಿಯುವ ಮುಂಚೆ ಇಳಿಸಿ, ಸುಲಿದು, ಒಡೆಯದಂತೆ ಕರಟ ಬಿಡಿಸಿ, ಇಡೀ ಉಂಡೆಯನ್ನು ತೆಗೆಯಬೇಕು. ಕೈ ಪಳಗಿದ ಗುಂಪಿಲ್ಲದೆ ಆಗದ ಕೆಲಸ. ನುಸಿಯಿಂದ ಹೊಸ ಕಾಯಿ ಹಾಳಾಗಿ ಹಳೆಯ ಕೊಬ್ಬರಿಗೆ ಒಳ್ಳೆಯ ಧಾರಣೆ ಬಂದಿತ್ತು. ಮೇಷ್ಟ್ರು ಗುಂಪಿಗೆ ಹೇಳಿಕಳಿಸಿದರು. ಬರಲಿಲ್ಲ. ಮತ್ತೆ ಹೇಳಿಕಳಿಸಿದರು. ಹಾಲ್ಕುರಿಕೆ ಕಡೆಯ ಗುಂಪನ್ನು ಕರೆದರು. ಅವರು, ಹಟ್ಟಿಯೋರು ಬರದ ಕಡೆ ನಾವೂ ಬರಲ್ಲ ಎಂದರು. ಅಷ್ಟರಲ್ಲಿ ಮೋಡ ಕಟ್ಟತೊಡಗಿತು. ಅಟ್ಟದ ಹೆಂಚು ಒಂದೆರಡು ಕಡೆ ಸರಿದಿತ್ತು.

ಒಂದು ಬೆಳಿಗ್ಗೆ ನಾನು ನಂಜೇಗೌಡರ ತೋಟದಲ್ಲಿ ಮಂಡಿಯೂರಿ ಬೇರಿಗೆ ಚೀಲ ಕಟ್ಟುತ್ತಿದ್ದೆ. ಕೊಡೆ ಹಿಡಿದ ಎತ್ತರದ ಆಕೃತಿಯೊಂದು ಬದುವಿನ ಮೇಲೆ ಬಂತು. ಗೌಡರು ಎದ್ದು ನಿಂತರು. ಕೈ ಮುಗಿಯಲಿಲ್ಲ.

"ಏನ್ ಮೇಷ್ಟ್ರೇ, ಇಷ್ಟು ದೂರ?"

"ನಂಜೇಗೌಡ, ನಿಮ್ಮ ಜನ ಕೆಲಸಕ್ಕೆ ಬರುತ್ತಿಲ್ಲ."

"ಎಂಗ್ ಬತ್ತಾರೆ? ನಾವು ಅಮ್ಮನಿಗೆ ಕಾಯಿ ಕೊಟ್ಟ ಕೈ. ಪಾಪದ ಕೈಲಿ ನಿಮ್ಮ ಕೊಬ್ಬರಿ ಮುಟ್ಟಿದ್ರೆ ಮೈಲಿಗೆ ಆಗಲ್ವಾ?"

ಹಿಂದಿನಿಂದ ಇಬ್ಬರು ಹುಡುಗರು ನಕ್ಕರು. ಗೌಡರದು ಬರೀ ಧರ್ಮಕೋಪವೆಂದು ಯಾರೂ ತಿಳಿಯಬಾರದು. "ಏಳನೇ ಕ್ಲಾಸಲ್ಲಿ ನನ್ನ ಫೇಲ್ ಮಾಡಿದ್ದ ಸಾರ್ ಈ ಮನ್ಸ," ಎಂದು ಅವರು ನನ್ನ ಮುಂದೆ ಹಿಂದೆಯೇ ಹೇಳಿಕೊಂಡಿದ್ದರು. ಅಷ್ಟು ವರ್ಷ ಅಟ್ಟದ ಮೇಲಿಟ್ಟ ಸಿಟ್ಟು, ಚೆನ್ನಾಗಿ ಒಣಗಿತ್ತು.

"ಏನು ಮಾಡಬೇಕು ಹೇಳು," ಎಂದರು ಮೇಷ್ಟ್ರು.

"ಎಲ್ಡು ಮಾತು. ರಾಹೇಲಮ್ಮನ ಮಗಳ ಹೆಸರು ಕೂಗಿಸಿ. ಅದೇನೋ ಕೂಗ್ತೀರಲ್ಲ, ಅದು. ಇನ್ನೊಂದು, ಅಮ್ಮನ್ನ ಪಾಪ ಅಂದಿದೀರ. ತಪ್ಪು ಕಾಣಿಕೆ ಅಂತ ಒಂದು ಕಾಯಿ ಅಮ್ಮನಿಗೆ."

ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಮೇಷ್ಟ್ರ ಕಣ್ಣು ಆಕಾಶಕ್ಕೆ ಹೋಯಿತು. ಪ್ರಾರ್ಥನೆಗೋ, ಮೋಡದ ಅಂದಾಜಿಗೋ ಹೇಳಲಾರೆ.

"ಕೂಗು ಆಗುತ್ತದೆ," ಎಂದರು. "ಕಾಣಿಕೆ ಕೊಡಲಾರೆ. ಕಾಯಿ ಬೇಕಿದ್ದರೆ... ಮಾರುತ್ತೇನೆ."

ಗೌಡರು ಬಾಯಿ ತೆರೆದರು. ಆಮೇಲೆ ತೋಟ ನಡುಗುವಂತೆ ನಕ್ಕರು. "ಲೇ, ಯಾರಾದ್ರೂ ಚಿಲ್ಲರೆ ಕೊಡ್ರಲಾ!" ಯಾರೋ ಒಂದು ನಾಣ್ಯ ಕೊಟ್ಟರು. ಸೊಲೊಮೋನ ಮೇಷ್ಟ್ರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಸಂಜೆಯೊಳಗೆ ಅವರ ಆಳು ಒಂದು ಕಾಯಿ ತಂದುಕೊಟ್ಟ. ಗೌಡರು ಅದನ್ನು ಗುಡಿಯಲ್ಲಿ ಒಡೆಸಿದರು. ಮರುದಿನ ಗುಂಪು ಕೆಲಸಕ್ಕೆ ಹೋಯಿತು.

ಸುದ್ದಿ ತಿಳಿದ ರಾಹೇಲಮ್ಮ ಗೌಡರ ಮನೆ ಬಾಗಿಲಿಗೆ ಹೋಗಿ, "ನನ್ನ ಮಗಳ ಮದ್ವೆನ ಕೊಬ್ಬರಿ ಜೊತೆ ತಕ್ಕಡಿಗೆ ಹಾಕು ಅಂತ ನಿಂಗ್ಯಾರು ಹೇಳಿದ್ರು ಕಣಪ್ಪ?" ಎಂದು ಜಗಳವಾಡಿದಳಂತೆ. ಗೌಡರು, "ಅಯ್ಯೋ ಹೋಗಮ್ಮಿ, ನಿನ್ನ ಮಗಳ ಮದ್ವೆ ಒಂದು ನೆಪ, ನಂದು ಏಳನೇ ಕ್ಲಾಸಿನ ವ್ಯವಹಾರ" ಎಂದರಂತೆ.

ಆದರೂ ಆ ಭಾನುವಾರ ಕೂಗು ಆದೀತೆಂದು ಅವಳು ಚರ್ಚಿಗೆ ಬಂದಳು. ಹುಡುಗನ ಅಪ್ಪನೂ ಬಂದಿದ್ದ, ಈ ಸಲ ಹೆಂಡತಿಯನ್ನೂ ಕರೆದುಕೊಂಡು. ಅವನ ಹೂಂ ಒಪ್ಪಿಗೆಯದೆಂದು ಆಗ ತಿಳಿಯಿತು. ಸುಗುಣ ಅಮ್ಮನ ಪಕ್ಕದಲ್ಲಿ, ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕುಳಿತಿದ್ದಳು. ಅಯ್ಯನವರು ಹೆಸರು ಓದುವ ಮುಂಚೆ ಮೇಷ್ಟ್ರು ಎದ್ದರು. ಸುಮ್ಮನೆ ಕುಳಿತಿದ್ದರೆ ನಾನು ಅವರನ್ನು ಇಷ್ಟು ವರ್ಷ ಜ್ಞಾಪಕ ಇಟ್ಟುಕೊಳ್ಳುತ್ತಿರಲಿಲ್ಲ.

"ಸಹೋದರಿ ರಾಹೇಲಮ್ಮನ ತಪ್ಪನ್ನು ಕಮಿಟಿಯು ಕನಿಕರದಿಂದ ಕ್ಷಮಿಸಿರುತ್ತದೆ."

ಸಭೆ ಆಮೆನ್ ಎಂದಿತು. ಕೇಳದೆ ಕೊಟ್ಟ ಕ್ಷಮೆ. ತೀರ್ಪಿಗಾದರೂ ಎದ್ದು ನಿಂತು ಉತ್ತರ ಹೇಳಬಹುದು. ಇದಕ್ಕೆ ಏನು ಹೇಳುವುದು? ರಾಹೇಲಮ್ಮ ಎದ್ದು ನಿಲ್ಲುವುದಕ್ಕೆ ಬೆಂಚಿನ ಅಂಚು ಹಿಡಿದಳು. ಸುಗುಣ ಸೆರಗನ್ನು ಎಳೆದು ಹಿಡಿದಳು. ಅಯ್ಯನವರು ಹುಡುಗನ ಹೆಸರು ಓದಿದರು, ಹುಡುಗಿಯ ಹೆಸರು ಓದಿದರು, ಯಾರದಾದರೂ ಅಡ್ಡಿ ಉಂಟೋ ಎಂದರು. ತಾಯಿ ಬೆಂಚಿನ ಅಂಚು ಬಿಟ್ಟಳು.

ಮೂರೂ ಕೂಗು ಮುಗಿದು ಮದುವೆ ಚೆನ್ನಾಗಿ ನಡೆಯಿತು. ಮಳೆಯೂ ಬಂತು. ನಂಜೇಗೌಡರು ಹಟ್ಟಿಯ ಅರ್ಧ ಜನರೊಂದಿಗೆ ಬಂದು ಹಿಂದಿನ ಸಾಲುಗಳಲ್ಲಿ ಕುಳಿತು, ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರು. ಮೇಷ್ಟ್ರು ವಧೂವರರಿಗಾಗಿ ಉದ್ದವಾದ ಪ್ರಾರ್ಥನೆ ಮಾಡಿದರು. ಅವರ ಕೊಬ್ಬರಿಗೆ ಒಳ್ಳೆಯ ಬೆಲೆ ಬಂದಿತ್ತು.

ಅದರ ಮುಂದಿನ ಭಾನುವಾರದಿಂದ ಹಿಂದಿನ ಬೆಂಚು ಖಾಲಿ.

ನಾನಿದ್ದ ಬಾಡಿಗೆ ಮನೆ ಸ್ಟೇಷನ್ ರಸ್ತೆಯಲ್ಲಿತ್ತು. ಭಾನುವಾರ ಬೆಳಿಗ್ಗೆ ಮೇಷ್ಟ್ರೂ ನಾನೂ ಒಂದೇ ಹೊತ್ತಿಗೆ ಚರ್ಚಿನ ಕಡೆಗೆ ಹೊರಡುತ್ತಿದ್ದೆವು, ಹೆಚ್ಚು ಮಾತಿಲ್ಲದೆ. ಎದುರಿನಿಂದ ರಾಹೇಲಮ್ಮ ಬರುತ್ತಿದ್ದಳು. ಹಟ್ಟಿಯ ಬಸ್ಸಿನಿಂದಿಳಿದು, ಬಿಳಿ ಸೀರೆ ಉಟ್ಟು, ಸ್ಟೇಷನ್ನಿಗೆ. ಅರಸೀಕೆರೆಯ ರೈಲಿಗೆ, ಮಗಳ ಚರ್ಚಿಗೆ. ಮೇಷ್ಟ್ರನ್ನು ಕಂಡರೆ ಸೆರಗು ಸರಿಮಾಡಿಕೊಂಡು, "ಸ್ತೋತ್ರ ಮೇಷ್ಟ್ರೇ" ಎಂದು ನಮ್ಮವರ ವಾಡಿಕೆಯಂತೆ ಕೈ ಮುಗಿಯುತ್ತಿದ್ದಳು. ಸಿಟ್ಟಿಲ್ಲ, ನಗುವಿಲ್ಲ. ಮೇಷ್ಟ್ರೂ ಸ್ತೋತ್ರ ಎನ್ನಲೇಬೇಕು. ಪ್ರತಿ ಭಾನುವಾರ, ಊರಿನ ನಡುರಸ್ತೆಯಲ್ಲಿ, ತೀರ್ಪು ಕೊಟ್ಟವನೂ ಪಡೆದವಳೂ ಹೀಗೆ ದೇವರನ್ನು ಸ್ತುತಿಸಿ ಎರಡು ದಿಕ್ಕಿಗೆ ಹೋಗುತ್ತಿದ್ದರು.

ಕ್ರಿಸ್ಮಸ್ ಹತ್ತಿರ ಬಂದಾಗ ಒಂದು ದಿನ ಮೇಷ್ಟ್ರು ತಡೆಯಲಾರದೆ ನಿಂತರು. ಆ ಹೊತ್ತಿಗೆ ಅವರ ಗ್ರಂಥಸ್ಥ ಕನ್ನಡ ಸ್ವಲ್ಪ ಸಡಿಲವಾಗಿತ್ತು.

"ಇಷ್ಟು ಹತ್ತಿರದ ಚರ್ಚು ಬಿಟ್ಟು ಅಷ್ಟು ದೂರ ಯಾಕೆ ಹೋಗ್ತೀಯಮ್ಮ? ಅಲ್ಲೇನು ಬೇರೆ ದೇವರಿದ್ದಾನಾ?"

"ಎಲ್ಲಾದ್ರೂ ಉಂಟಾ? ಅದೇ ದೇವ್ರೇ," ಎಂದಳು ರಾಹೇಲಮ್ಮ. "ಅಲ್ಲಿ ನನ್ನ ಇನ್ನೂ ಯಾರೂ ಕ್ಷಮಿಸಿಲ್ಲ. ಬತ್ತೀನಿ ಮೇಷ್ಟ್ರೇ, ರೈಲು ಹೊಂಟೋಯ್ತದೆ."